ಸಿಂಹದ ಸೀಮೆಯಲ್ಲಿ ಭಾವನವರ ಸಂಕಲ್ಪ

ನಮ್ಮ ಭಾವನವರು ಜನ್ಮದಲ್ಲಿ ಒಂದು ಸಲವೂ ದಾರಿ ತಪ್ಪಿದವರಲ್ಲ. ಅವರನ್ನು ನಂಬಿ ಹಿಂದೆ ಹೋದವರೆಲ್ಲ ತಪ್ಪಿದ್ದಾರೆ, ಆ ಮಾತು ಬೇರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ಮೈಸೂರಿನಲ್ಲಿ, ಮನೆ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ. ನೆಲದಡಿ ಹೂತಿಟ್ಟ ಕೇಬಲ್ಲುಗಳು ಎಲ್ಲೆಲ್ಲಿ ಹಾದುಹೋಗಿವೆ ಎಂದು ನಕ್ಷೆ ಬರೆಯುವ ಎಂಜಿನಿಯರು. ಕಣ್ಣಿಗೆ ಕಾಣದ ವಸ್ತು ಎಲ್ಲಿದೆ ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಮನುಷ್ಯ, ತಾನು ಎಲ್ಲಿದ್ದೇನೆ ಎಂಬ ವಿಷಯದಲ್ಲಿ ಸುಮ್ಮನಿರುವುದುಂಟೇ? ಫೋನ್ ಮಾಡಿ "ಭಾವ, ಹೇಗಿದೀರಿ?" ಎಂದು ಕೇಳಿದರೆ, "ಅಡುಗೆಮನೇಲಿದೀನಿ, ವಾಯವ್ಯದ ಗೋಡೆ ಪಕ್ಕ" ಎಂದು ಉತ್ತರ ಬರುತ್ತಿತ್ತು. ಹೇಗಿದ್ದಾರೆ ಎಂಬುದು ಇವತ್ತಿಗೂ ನಮಗೆ ಗೊತ್ತಾಗಿಲ್ಲ.

ಈ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಊರಿಗೆಲ್ಲ ತಿಳಿದದ್ದು ಮಾರಿಸ್‌ಟೌನ್‌ನ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಪುರೋಹಿತರೆಂದು ನಮಗೆ ಸಿಗುತ್ತಿದ್ದವರು, ವಾರವಿಡೀ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ಶನಿವಾರ ಮಾತ್ರ ಪಂಚೆ ಉಡುವ ಒಬ್ಬ ಪ್ರೊಫೆಸರು. ಯಾವ ಪೂಜೆಗೂ ಮೊದಲು ಸಂಕಲ್ಪ ಆಗಬೇಕಷ್ಟೆ. ಸಂಕಲ್ಪವೆಂದರೆ ಮತ್ತೇನಲ್ಲ, ಇಂಥ ಕಾಲದಲ್ಲಿ, ಇಂಥ ಜಾಗದಲ್ಲಿ ಕೂತು, ಇಂಥವನು ಇಂಥದ್ದನ್ನು ಮಾಡುತ್ತಿದ್ದೇನೆ ಎಂದು ಮೇಲಿನವರಿಗೆ ಕೊಡುವ ವಿಳಾಸ. ಪ್ರೊಫೆಸರು ಕಣ್ಣು ಮುಚ್ಚಿ, "ಜಂಬೂದ್ವೀಪೇ, ಭರತವರ್ಷೇ, ಗೋದಾವರ್ಯಾಃ ದಕ್ಷಿಣೇ ತೀರೇ" ಎಂದು ರಾಗವಾಗಿ ಹೊರಟಿದ್ದರು. ಭಾವ ಕೈಯೆತ್ತಿದರು.

"ಸ್ವಾಮಿ, ಒಂದ್ನಿಮಿಷ. ನಾವೆಲ್ಲಿ ಗೋದಾವರಿ ದಕ್ಷಿಣಕ್ಕಿದೀವಿ? ಟೂ ಎಯ್ಟಿ ಸೆವೆನ್ ಹೈವೇ ಪಶ್ಚಿಮಕ್ಕಲ್ವಾ ಇರೋದು?"

"ರೂಢಿ ಸಾರ್, ಎಲ್ಲರೂ ಹೀಗೇ ಹೇಳೋದು."

"ಎಲ್ಲರೂ ಸೇರಿ ತಪ್ಪು ಅಡ್ರೆಸ್ ಬರೆದ್ರೆ ಕಾಗದ ಸರಿಯಾದ ಮನೆಗೆ ಹೋಗತ್ತಾ?"

ಪ್ರೊಫೆಸರು ಪಂಚಪಾತ್ರೆ ಕೆಳಗಿಟ್ಟರು. ಭಾವ ಕಾರಿನಿಂದ ನಕ್ಷೆ ತಂದು ಮಂಟಪದ ಪಕ್ಕ ಹಾಸಿದರು. ಹತ್ತಿರದ ನದಿ ಪಸೈಕ್. ಅದೋ, ಕುಡಿದವನ ಹಾಗೆ ದಕ್ಷಿಣಕ್ಕೆ ಹೊರಟು, ಮನಸ್ಸು ಬದಲಾಯಿಸಿ ಉತ್ತರಕ್ಕೆ ತಿರುಗಿ, ಕೊನೆಗೆ ಸಮುದ್ರ ನೆನಪಾಗಿ ಮತ್ತೆ ದಕ್ಷಿಣಕ್ಕೆ ಬರುವ ನದಿ. ನಾವು ಅದರ ಯಾವ ದಂಡೆಯವರು ಎಂದು ತೀರ್ಮಾನವಾಗುವಷ್ಟರಲ್ಲಿ ಸಜ್ಜಿಗೆ ಆರಿ ಕಲ್ಲಾಗಿತ್ತು. ಅಂದಿನಿಂದ ಪ್ರೊಫೆಸರು ಪೂಜೆಗೆ ಒಪ್ಪುವ ಮೊದಲು, "ನಿಮ್ಮ ಭಾವ ಬರ್ತಾರಾ?" ಎಂದು ಕೇಳಿಕೊಳ್ಳುತ್ತಿದ್ದರು.

ಇಂಥ ಭಾವನ ಜೊತೆ ನಾನು ಆಫ್ರಿಕಾಕ್ಕೆ ಹೋದೆ ಎಂದರೆ ನನ್ನ ಧೈರ್ಯವನ್ನು ಮೆಚ್ಚಬೇಕು!

ಒಂಬತ್ತು ವರ್ಷದ ಮೇಲೆ ಅವರು ಊರಿಗೆ ಹೊರಟಿದ್ದರು. ದಾರಿಯಲ್ಲಿ ಕೀನ್ಯಾದಲ್ಲಿ ಇಳಿದು ನಾಲ್ಕು ದಿನ ಕಾಡಿನ ಲಾಡ್ಜಿನಲ್ಲಿದ್ದು ಹೋಗಬಹುದು, ವಿಮಾನದವರು ಹೆಚ್ಚು ದುಡ್ಡು ಕೇಳುವುದಿಲ್ಲ ಎಂದು ಅಕ್ಕ ಕಂಡುಹಿಡಿದಳು. ನನ್ನ ಯಜಮಾನರಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ, ಹಾಗಾಗಿ ನಾನೊಬ್ಬಳೇ ಅವರೊಂದಿಗೆ ಸೇರಿಕೊಂಡೆ. ಭಾವ, ಅಕ್ಕ, ಅವರ ಏಳು ವರ್ಷದ ಮಗಳು ಪುಟ್ಟಿ, ನಾನು. ಟಿಕೆಟ್ಟು ಕೈಗೆ ಬಂದ ಮೇಲೆ ಭಾವ ಪಂಚಾಂಗ ತೆಗೆದರು. ತೆಗೆದವರು ಹಾಗೇ ಕೂತುಬಿಟ್ಟರು. ಲಾಡ್ಜಿನ ಮೂರನೆಯ ದಿನ ಆಷಾಢ ಬಹುಳ ದಶಮಿ. ಅವರ ತಾಯಿಯ ತಿಥಿ.

"ಊರಿಗೆ ಹೋದ್ಮೇಲೆ ಶಾಸ್ತ್ರಿಗಳನ್ನ ಕೇಳಿ ಮಾಡಿದ್ರಾಯ್ತು ರೀ" ಎಂದಳು ಅಕ್ಕ.

"ತಿಥಿ ಏನು ಪಾರ್ಸೆಲ್ಲಾ, ಆಮೇಲೆ ಬಂದು ತಗೋತೀನಿ ಅನ್ನಕ್ಕೆ? ಒಂದು ವರ್ಷಾನೂ ತಪ್ಪಿಸಿಲ್ಲ. ಅಲ್ಲೇ ಮಾಡ್ತೀನಿ."

ಮಾಡುತ್ತೇನೆ ಎಂದರೆ ಸಂಕಲ್ಪ ಹೇಳಬೇಕು. ಸಂಕಲ್ಪ ಹೇಳಬೇಕೆಂದರೆ ಆ ಕಾಡು ಎಲ್ಲಿದೆ ಎಂದು ಗೊತ್ತಾಗಬೇಕು. ಆಫ್ರಿಕಾ ಯಾವ ದ್ವೀಪ? ಜಂಬೂದ್ವೀಪವೇ, ಕುಶದ್ವೀಪವೇ, ಪ್ಲಕ್ಷದ್ವೀಪವೇ? ಭಾವ ಐದು ಜನ ವಿದ್ವಾಂಸರಿಗೆ ಏರೋಗ್ರಾಮ್ ಬರೆದರು. ನಾಲ್ಕು ಜನ ನಾಲ್ಕು ದ್ವೀಪ ಹೇಳಿದರು. ಐದನೆಯವರು ಧಾರವಾಡದ ಹಿರಿಯರು. ಅವರು ಬರೆದದ್ದು ಇಷ್ಟೇ: "ಎಲ್ಲಿದ್ರೇನ್ರಿ, ಆರಾಮ ಇರ್ರಿ."

ನೈರೋಬಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ನಮ್ಮನ್ನು ನಿಲ್ಲಿಸಿದ. ನಿಲ್ಲಿಸದೆ ಏನು ಮಾಡಿಯಾನು? ಭಾವನ ಎಡಗೈ ಮೇಲೆ ಮೂರು ವಾಚು! ಪೆಟ್ಟಿಗೆಯಲ್ಲಿ ಒಂದು ಕಟ್ಟು ಒಣ ಹುಲ್ಲು, ಒಂದು ಪೊಟ್ಟಣ ಕರಿಯ ಬೀಜ. ಹುಲ್ಲು ದರ್ಭೆ, ಬೀಜ ಎಳ್ಳು ಎಂದು ನಾನು ಹೇಳುವಷ್ಟರಲ್ಲಿ ಭಾವ ಮುಂದೆ ನುಗ್ಗಿ ವಾಚುಗಳ ವಿವರಣೆಗೆ ಶುರುಮಾಡಿದ್ದರು. ಒಂದು ನ್ಯೂಜೆರ್ಸಿಯ ಹೊತ್ತು, ಒಂದು ಮೈಸೂರಿನ ಹೊತ್ತು, ಒಂದು ಇಲ್ಲಿನದು. ತಿಥಿ ಯಾವ ಊರಿನ ಸೂರ್ಯೋದಯಕ್ಕೆ ಲೆಕ್ಕ ಎಂಬುದೇ ನನ್ನ ಸಮಸ್ಯೆ, ಈ ಬಗ್ಗೆ ತಮಗೇನಾದರೂ ಗೊತ್ತೇ ಎಂದು ಆ ಪುಣ್ಯಾತ್ಮನನ್ನೇ ಕೇಳಿದರು. ಅವನು ಹುಲ್ಲನ್ನು ಮೂಸಿ, ಎಳ್ಳನ್ನು ಅಲ್ಲಾಡಿಸಿ, ಭಾವನ ಮುಖವನ್ನೊಮ್ಮೆ ನೋಡಿ, ನಮ್ಮಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಮೇಡಂ, ಇವರನ್ನು ಕರೆದುಕೊಂಡು ಹೋಗಿ."

ಲಾಡ್ಜು ಸೊಗಸಾಗಿತ್ತು. ಒಣಗಿದ ನದಿಯೊಂದರ ದಂಡೆಯ ಮೇಲೆ ಸಾಲಾಗಿ ಹಸಿರು ಡೇರೆಗಳು, ಒಂದೊಂದಕ್ಕೂ ಮುಂದೆ ಪುಟ್ಟ ಜಗುಲಿ. ಬೆಳಗ್ಗೆ ಡೇರೆಯ ಬಾಗಿಲಿಗೆ ಚಹಾ. ಬಿಸಿಲೇರುವ ಮುನ್ನ ಮೇಲ್ಚಾವಣಿ ತೆರೆಯುವ ವ್ಯಾನಿನಲ್ಲಿ ಪ್ರಾಣಿ ನೋಡಲು ಒಂದು ಸುತ್ತು. ಮಧ್ಯಾಹ್ನ ಊಟ ಮಾಡಿ ಮಲಗುವುದು. ನಾಲ್ಕಕ್ಕೆ ಮತ್ತೊಂದು ಸುತ್ತು. ನಾವು ಸಸ್ಯಾಹಾರಿಗಳೆಂದು ತಿಳಿದ ಅಡುಗೆಯವರು ಬಿಳಿ ಮೆಕ್ಕೆಜೋಳದ ಹಿಟ್ಟಿನ ದೊಡ್ಡ ಉಂಡೆ ತಂದಿಟ್ಟರು. ಮುದ್ದೆ! ಬಣ್ಣವೊಂದು ಬೇರೆ. ಬಾಸ್ಕಿಂಗ್ ರಿಡ್ಜ್‌ನಲ್ಲಿ ಒಂಬತ್ತು ವರ್ಷ ಮುದ್ದೆಯ ಮುಖ ಕಾಣದ ಅಕ್ಕನಿಗೆ ಕಣ್ಣಲ್ಲಿ ನೀರು ಬಂತು.

ಭಾವನಿಗೆ ಊಟದ ಮೇಲೆ ಗಮನವೆಲ್ಲಿ? ಬಂದವರೇ ಆಫೀಸಿನ ದಿಕ್ಸೂಚಿ ತೆಗೆದು ಮಂಚ ನೋಡಿದರು. ತಲೆ ಉತ್ತರಕ್ಕೆ! ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಇಬ್ಬರು ಕೆಲಸದವರನ್ನು ಕರೆದು ಮಂಚ ತಿರುಗಿಸಿದ್ದಾಯಿತು. ತಿರುಗಿಸಿದ ಮೇಲೆ ಅನುಮಾನ ಬಂತು. ಈ ನಿಯಮಕ್ಕೆ ಕಾರಣ ಭೂಮಿಯ ಅಯಸ್ಕಾಂತ ಎಂದು ಅವರ ನಂಬಿಕೆ. ಲಾಡ್ಜು ಇರುವುದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ. ಹಾಗಾದರೆ ನಿಯಮವೂ ತಲೆಕೆಳಗಾಗಬೇಡವೇ? ಮತ್ತೆ ತಿರುಗಿಸಿದರು. ಆದರೆ ರೇಖೆಗೆ ತೀರ ಹತ್ತಿರವಿದ್ದೇವಲ್ಲ, ಅಯಸ್ಕಾಂತ ಇಲ್ಲಿ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ! ಹೊರಗೆ ಹೋಗಿ ಸೂರ್ಯನನ್ನು ನೋಡಿದರು. ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಮರ್ಯಾದೆಯಿಂದ ದಕ್ಷಿಣಕ್ಕಿರುತ್ತಿದ್ದ ಸೂರ್ಯ ಇಲ್ಲಿ ಉತ್ತರಕ್ಕೆ ನಿಂತಿದ್ದ. ಭಾವ ಪೂರ್ತಿ ಗೊಂದಲಕ್ಕೆ ಬಿದ್ದರು. ಕೊನೆಗೆ ಮಂಚ ಡೇರೆಯ ನಡುವೆ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಂತಿತು.

"ನನ್ನ ತಲೆ ಯಾವ ದಿಕ್ಕಿಗಿಟ್ರೂ ಅದರೊಳಗಿರೋದು ಅಷ್ಟೇ ರೀ. ಮಲಗಕ್ಕೆ ಬಿಡಿ" ಎಂದು ಅಕ್ಕ ಹೇಳಿದಳು.

ಇನ್ನು ನದಿಯ ವಿಷಯ. ನಮ್ಮ ವ್ಯಾನಿನ ಚಾಲಕ ಜೋಸೆಫ್ ಎಂಬ ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅವನೇ ದಾರಿ ತೋರಿಸುವವನೂ ಹೌದು. ಭಾವ ಮೊದಲ ದಿನವೇ ಅವನ ಪಕ್ಕದ ಸೀಟು ಹಿಡಿದರು. ಎಲ್ಲರೂ ಕೇಳುವುದು ಚಿರತೆ ಎಲ್ಲಿ, ಸಿಂಹ ಎಲ್ಲಿ ಎಂದಲ್ಲವೇ? ಇವರು ಕೇಳಿದ್ದು, ಈ ನದಿಯ ಹೆಸರೇನು?

"ಈ ಕಡೆಯವರು ಒಂದು ಹೆಸರು ಹೇಳುತ್ತಾರೆ ಸರ್. ಆ ಕಡೆಯವರು ಇನ್ನೊಂದು."

"ಸರಿಯಾದ್ದು ಯಾವುದು?"

"ನೀವು ಯಾವ ಕಡೆ ಇದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ ಸರ್."

"ಅದನ್ನೇ ಅಲ್ವೇನಯ್ಯಾ ನಾನು ಕೇಳ್ತಿರೋದು!" ಎಂದು ಭಾವ ಇಂಗ್ಲಿಷ್ ಮರೆತು ಕನ್ನಡದಲ್ಲಿಯೇ ಕೂಗಿದರು. ಜೋಸೆಫ್ ಅರ್ಥವಾದವನಂತೆ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಒಂದು ಪೊದೆಯ ಮಗ್ಗುಲಲ್ಲಿ ಸಿಂಹದ ಸಂಸಾರವೇ ಸಿಕ್ಕಿತು. ಗಂಡೊಂದು, ಹೆಣ್ಣು ಮೂರು, ಮರಿ ನಾಲ್ಕು. ವ್ಯಾನಿನಿಂದ ಹತ್ತು ಮಾರು ದೂರ. ನಾವು ಉಸಿರು ಬಿಗಿಹಿಡಿದಿದ್ದೇವೆ, ಪುಟ್ಟಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಗಂಡು ಸಿಂಹ ಎದ್ದು ನಿಂತು ನಮ್ಮನ್ನೇ ನೋಡುತ್ತಿದೆ. ಆ ಮೌನದಲ್ಲಿ ಭಾವನ ಧ್ವನಿ: "ಜೋಸೆಫ್, ನಾವೀಗ ನದಿಯ ದಕ್ಷಿಣ ದಂಡೆಯಲ್ಲಿದ್ದೇವೋ, ಉತ್ತರದಲ್ಲೋ?"

"ಡ್ಯಾಡಿ! ಇಟ್ಸ್ ಅ ಲಯನ್!" ಎಂದು ಪುಟ್ಟಿ ಕಿರುಚಿದಳು.

"ಯೆಸ್ ಪುಟ್ಟಿ, ಬಟ್ ವೇರ್ ಈಸ್ ದ ಲಯನ್?"

ಸಿಂಹಕ್ಕೆ ಇದಕ್ಕಿಂತ ಹೆಚ್ಚು ಅವಮಾನ ಎಂದೂ ಆಗಿರಲಾರದು. ಅದು ಆಕಳಿಸಿ, ಬೆನ್ನು ತಿರುಗಿಸಿ ಮಲಗಿಬಿಟ್ಟಿತು.

ಗಡಿಯಾರದ ಗೊಂದಲ ಇನ್ನೂ ಘನವಾದದ್ದು. ನಿಮ್ಮ ಭಾಷೆಯಲ್ಲಿ ಈಗ ಗಂಟೆ ಎಷ್ಟು ಎಂದು ಭಾವ ಜೋಸೆಫ್‌ನನ್ನು ಕೇಳಿದಾಗ ಬೆಳಗಿನ ಒಂಬತ್ತು. ಅವನು ಮೂರು ಎಂದ. ಹೇಗೆ? ಆರಕ್ಕೆ ಸೂರ್ಯ ಹುಟ್ಟಿದ, ಆಮೇಲೆ ಮೂರು ಗಂಟೆ ಕಳೆಯಿತು, ಆದ್ದರಿಂದ ಮೂರು. ಇಲ್ಲಿನ ಜನ ಹೊತ್ತನ್ನು ಎಣಿಸುವುದೇ ಹೀಗೆ. ಭಾವ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. "ನೋಡಿದ್ಯೇನೇ, ಸೂರ್ಯೋದಯದಿಂದ ಲೆಕ್ಕ! ನಮ್ಮ ಪಂಚಾಂಗದ ಘಳಿಗೆ ಹಾಗೇ! ಇವರೇ ಕಣೇ ಸರಿಯಾಗಿರೋ ಜನ!" ಎಂದು ಅಕ್ಕನಿಗೆ ಹೇಳಿ, ಮೂರನೆಯ ವಾಚನ್ನು ಆರು ಗಂಟೆ ಹಿಂದಕ್ಕೆ ತಿರುಗಿಸಿದರು. ಲಾಡ್ಜಿನವರು ಮಾತ್ರ ನಮಗಾಗಿ ಇಂಗ್ಲಿಷ್ ಗಂಟೆಯಲ್ಲಿಯೇ ಹಲಗೆಯ ಮೇಲೆ ಬರೆಯುತ್ತಿದ್ದರು. ನಾಲ್ಕಕ್ಕೆ ಸವಾರಿ ಎಂದು ಬರೆದದ್ದನ್ನು ಓದಿದ ಭಾವ, ವಾಚಿನಲ್ಲಿ ನಾಲ್ಕಾಗುತ್ತಲೇ, ಎಂದರೆ ಬೆಳಗಿನ ಹತ್ತಕ್ಕೆ, ಖಾಲಿ ವ್ಯಾನಿನಲ್ಲಿ ಹೋಗಿ ಕೂತರು. ನಮ್ಮ ಮೇಲೆ ಸಿಟ್ಟು ಬೇರೆ. ಕರೆದುಕೊಂಡು ಬರುತ್ತೇನೆಂದು ನಾನೆದ್ದರೆ ಅಕ್ಕ ಬಿಡಲಿಲ್ಲ. "ಕೂತಿರ್ಲಿ ಬಿಡು. ಎಲ್ಲಿದಾರೆ ಅಂತ ನಮಗಾದ್ರೂ ಗೊತ್ತಿರತ್ತೆ" ಎಂದಳು.

ಮೂರನೆಯ ದಿನ ಬಂತು. ಭಾವ ಮುಂಜಾನೆಯಿಂದ ಉಪವಾಸ. ಲಾಡ್ಜಿನ ಅಡುಗೆಮನೆಯ ಮೂಲೆಯಲ್ಲಿ ಅಕ್ಕ ಒಂದು ಒಲೆ ಕೇಳಿ ಪಡೆದು ಅನ್ನ ಮಾಡಿದಳು. ಹಿತ್ತಲ ಗಿಡದಿಂದ ಅಡುಗೆಯವರು ಬಾಳೆಲೆ ಕೊಯ್ದು ಕೊಟ್ಟರು. ಅಷ್ಟಾದರೂ ಭಾವ ಜಗುಲಿಯಲ್ಲಿ ನಾಲ್ಕು ದ್ವೀಪದ ನಾಲ್ಕು ಕಾಗದ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಲೇ ಇದ್ದರು. ಮೈಸೂರಿನಲ್ಲಿ ದಶಮಿ ಬಂದಿದೆ, ಇಲ್ಲಿ ಬಂದಿದೆಯೋ ಇಲ್ಲವೋ? ನ್ಯೂಜೆರ್ಸಿಯಲ್ಲಿ ಇನ್ನೂ ನಿನ್ನೆಯೇ ಮುಗಿದಂತಿಲ್ಲ! ನೀರಿಲ್ಲದ ನದಿಯನ್ನು ನದಿ ಎನ್ನಬಹುದೋ? ಎರಡು ಹೆಸರಲ್ಲಿ ಯಾವುದನ್ನು ಹೇಳುವುದು?

ನಾನು ತಡೆಯಲಾರದೆ ಬಿದ್ದು ಬಿದ್ದು ನಕ್ಕೆ. ಅಡುಗೆಮನೆಗೆ ಹೋಗಿ ಅಕ್ಕನ ಮುಂದೆ ಭಾವನ ಅಭಿನಯ ಮಾಡಿ ತೋರಿಸಿದೆ, ಮೂರು ವಾಚುಗಳನ್ನು ಒಂದೊಂದಾಗಿ ನೋಡುವುದು, ನಾಲ್ಕು ದಿಕ್ಕಿಗೂ ತಿರುಗುವುದು. ಅಕ್ಕ ನಗಲಿಲ್ಲ. ಅನ್ನದ ಪಾತ್ರೆಯನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು, "ಬಾ ಇಲ್ಲಿ, ಕೂತ್ಕೋ" ಎಂದಳು.

ಅವಳು ಹೇಳಿದ್ದಿಷ್ಟು: ಮದುವೆಯಾದ ಹೊಸತು. ಭಾವ ಅಮೆರಿಕಕ್ಕೆ ಬಂದಿದ್ದರು, ವೀಸಾಕ್ಕೆ ಕಾಯುತ್ತ ಅಕ್ಕ ಮೈಸೂರಿನಲ್ಲಿ ಅತ್ತೆಯ ಜೊತೆಗಿದ್ದಳು. ಅತ್ತೆಗೆ ಇದ್ದಕ್ಕಿದ್ದಂತೆ ಕಾಯಿಲೆ ಜೋರಾಯಿತು. ಅಕ್ಕನೇ ಟೆಲಿಗ್ರಾಂ ಕೊಟ್ಟದ್ದು, ತನ್ನ ಬಳಿ ಬರೆದಿಟ್ಟಿದ್ದ ಹ್ಯಾರಿಸನ್ ಊರಿನ ಬಾಡಿಗೆ ಕೋಣೆಯ ವಿಳಾಸಕ್ಕೆ. ಭಾವ ಅದಕ್ಕೆ ಹತ್ತು ದಿನ ಮುಂಚೆಯೇ ಆ ಕೋಣೆ ಬಿಟ್ಟು ಬೇರೆ ಕಡೆ ಹೋಗಿದ್ದರು. ಹೊಸ ವಿಳಾಸ ಬರೆದ ಕಾಗದ ಇನ್ನೂ ದಾರಿಯಲ್ಲಿತ್ತು.

"ಟೆಲಿಗ್ರಾಂ ಇವರ ಕೈಗೆ ಸಿಕ್ಕಿದ್ದು ಅತ್ತೆ ಹೋಗಿ ಹದಿನಾಲ್ಕನೇ ದಿನ ಕಣೇ. ಹಳೇ ಕೋಣೆಗೆ ಏನೋ ಮರೆತದ್ದು ತರಕ್ಕೆ ಅಂತ ಹೋಗಿದ್ರಂತೆ, ಯಾರೋ ಅದನ್ನ ಬಾಗಿಲ ಹತ್ರ ಇಟ್ಟಿದ್ರಂತೆ. ಅಷ್ಟರಲ್ಲಿ ಊರಲ್ಲಿ ವೈಕುಂಠ ಸಮಾರಾಧನೇನೂ ಮುಗಿದು ಹೋಗಿತ್ತು. ಒಬ್ಬನೇ ಮಗ. ಬೆಂಕಿ ಇಟ್ಟಿದ್ದು ದಾಯಾದಿ ಅಣ್ಣ."

ಅಕ್ಕ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದಳು.

"ಕೊನೇ ದಿನ ಅತ್ತೆ ಕೇಳಿದ್ರು, ಅವನು ಈಗ ಎಲ್ಲಿದಾನೆ ಅಂತ. ಅಮೆರಿಕದಲ್ಲಿ ಅಂದೆ. ಅಮೆರಿಕದಲ್ಲಿ ಎಲ್ಲಿ ಅಂದ್ರು. ಹ್ಯಾರಿಸನ್ ಅಂದೆ. ಅದೆಲ್ಲಿ ಬರತ್ತೆ, ಹೇಗಿದೆ ಅಂದ್ರು. ನನಗೇನು ಗೊತ್ತಿತ್ತು? ಗೊತ್ತಿಲ್ಲಮ್ಮ ಅಂದೆ." ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. "ಇದನ್ನ ಇವರ ಹತ್ರ ಹೇಳಬಾರದಿತ್ತು. ಹೇಳಿಬಿಟ್ಟೆ."

ಆ ನಗುವಿಗಾಗಿ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ನಾವು ಬಾಳೆಲೆ, ಅನ್ನ ಹಿಡಿದು ಜಗುಲಿಗೆ ಬರುವ ಹೊತ್ತಿಗೆ ಜೋಸೆಫ್ ಒಂದು ಕೆಟಲ್ ನೀರು ಹಿಡಿದು ನಿಂತಿದ್ದ. ಒಣಗಿದ ನದಿಯ ಮರಳಿನಲ್ಲಿ ಆನೆಗಳು ಸೊಂಡಿಲಿನಿಂದ ಗುಂಡಿ ತೋಡಿ ನೀರು ಕುಡಿಯುತ್ತವಂತೆ. ಅಂಥದೊಂದು ಗುಂಡಿಯಿಂದ ತುಂಬಿಸಿಕೊಂಡು ಬಂದಿದ್ದ. "ನೀರು ಕೆಳಗಿದೆ ಸರ್. ಅದು ನದಿಯೇ" ಎಂದು ಹೇಳಿ, ಕೆಟಲ್ ಇಟ್ಟು, ಟೋಪಿ ತೆಗೆದು ಮೆಟ್ಟಿಲ ಬಳಿ ನಿಂತ. ಅವನಿಗೆ ಯಾರು ಹೇಳಿದ್ದರೋ ಕಾಣೆ.

ಭಾವ ಪಂಚೆಯುಟ್ಟು, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ದಕ್ಷಿಣಕ್ಕೆ ಮುಖ ಮಾಡಿ ಕೂತರು. ಅದೇ ಚಾಪೆಯ ಮೇಲೆ, ಅವರಿಗೆ ಒತ್ತಿಕೊಂಡು ಪುಟ್ಟಿ. ಸಂಕಲ್ಪ ಶುರುವಾಯಿತು. ಕಲ್ಪ, ಮನ್ವಂತರ, ಕಲಿಯುಗದವರೆಗೆ ಸರಾಗವಾಗಿ ಬಂತು. ಜಾಗ ಹೇಳುವ ಕಡೆ ಮಾತು ನಿಂತಿತು. ದ್ವೀಪದ ಹೆಸರು ಬರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಹೇಳಿಕೊಂಡು ಬಂದರು. ಮತ್ತೆ ಅಲ್ಲೇ ನಿಂತಿತು. ಅವರ ಕೈಯಲ್ಲಿದ್ದ ಎಳ್ಳುನೀರು ಬೆರಳ ಸಂದಿನಿಂದ ಸೋರಿ ಹೋಯಿತು. ಭಾವ ಅಕ್ಕನ ಮುಖ ನೋಡಿದರು. ಅಷ್ಟು ದಿಕ್ಕು ತೋಚದ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ನೀವೇ ಹೇಳ್ರೀ, ನಿಮ್ಮ ಬಾಯಲ್ಲಿ" ಎಂದಳು ಅಕ್ಕ.

ಭಾವ ಮತ್ತೊಮ್ಮೆ ಕೈಗೆ ಎಳ್ಳುನೀರು ಹಾಕಿಕೊಂಡರು. ಆಮೇಲೆ ಸಂಸ್ಕೃತ ಬಿಟ್ಟು, ಪಕ್ಕದಲ್ಲಿದ್ದವರ ಜೊತೆ ಮಾತಾಡುವ ಹಾಗೆ ಹೇಳತೊಡಗಿದರು.

"ಅಮ್ಮಾ, ನಾನು. ಈಗ ಬಾಸ್ಕಿಂಗ್ ರಿಡ್ಜ್‌ನಲ್ಲಿಲ್ಲ, ಅಲ್ಲಿಗೆ ಹೋಗಿಬಿಟ್ಟೀಯ. ಮನೆ ಬೀಗ ಹಾಕಿದೆ. ಮೈಸೂರಿಂದ ಬೊಂಬಾಯಿಗೆ ಬಾ. ಅಲ್ಲಿಂದ ಸಮುದ್ರದ ಮೇಲೆ ಪಶ್ಚಿಮಕ್ಕೆ, ಒಂಚೂರು ಎಡಕ್ಕೆ ಬಾ. ದಡ ಸಿಕ್ಕಿದ್ಮೇಲೆ ಒಂದು ದೊಡ್ಡ ಬೆಟ್ಟ ಕಾಣತ್ತೆ, ನೆತ್ತಿ ಮೇಲೆ ಹಿಮ ಇದೆ. ಅದನ್ನ ಎಡಗಡೆ ಬಿಟ್ಟು ಮುಂದೆ ಬಂದ್ರೆ ಮರಳಿನ ನದಿ. ನೀರು ಕಾಣಲ್ಲ, ಕೆಳಗಿದೆ. ಈಚೆ ದಂಡೇಲಿ ಹಸಿರು ಡೇರೆಗಳು. ಮೂರನೇದು ನಮ್ದು. ನಿನ್ನ ಸೊಸೆ ಹಳದಿ ಸೀರೆ ಒಣಗಾಕಿದಾಳೆ, ದೂರದಿಂದಾನೇ ಗುರುತು ಸಿಗತ್ತೆ. ದಾರೀಲಿ ಆನೆ ಇದ್ರೆ ಹೆದರ್ಕೋಬೇಡ, ಏನೂ ಮಾಡಲ್ಲ. ಕಾಡೆಮ್ಮೆ ಹತ್ರ ಮಾತ್ರ ಹೋಗ್ಬೇಡಮ್ಮ, ಅವು ಒಳ್ಳೇವಲ್ಲ ಅಂತ ಜೋಸೆಫ್ ಹೇಳಿದಾರೆ. ನಿನ್ನ ಮೊಮ್ಮಗಳೂ ಇಲ್ಲೇ ಇದಾಳೆ, ನೀನು ಅವಳನ್ನ ನೋಡೇ ಇಲ್ಲ. ನಿಧಾನವಾಗಿ ಬಾ. ಹೊತ್ತಾದ್ರೂ ಪರವಾಗಿಲ್ಲ. ನಾನು ಎಲ್ಲೂ ಹೋಗಲ್ಲ."

ಅಕ್ಕ ಡೇರೆಯ ಕಡೆ ತಿರುಗಿಕೊಂಡಳು. ನಾನು ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟೆ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಪುಟ್ಟಿ ಅಪ್ಪನ ಮುಖವನ್ನೊಮ್ಮೆ ನೋಡಿದಳು. ಕೂತಲ್ಲಿಂದ ಮೆಲ್ಲಗೆ ಸರಿದು, ಚಾಪೆಯ ಮೇಲೆ ಅವರ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.